ಒಂದೇ ಹಾಳೆಯ ಸಂಸಾರ

ನಮ್ಮ ನಡುಮನೆಯ ಗೋಡೆಗೆ ಈಚೆಗೆ ಒಂದು ಪೆನ್ಸಿಲ್ ಚಿತ್ರ ಬಂದಿದೆ. ಅದರಲ್ಲಿ ನನ್ನ ತಂದೆ, ತಾಯಿ, ನಾನು, ನನ್ನ ಹೆಂಡತಿ, ಮಗಳು ಒಟ್ಟಿಗೆ ಕುಳಿತಿದ್ದೇವೆ. ಹೀಗೆ ನಾವು ಎಂದೂ ಕುಳಿತವರಲ್ಲ. ಕುಳಿತುಕೊಳ್ಳುವುದು ಸಾಧ್ಯವೂ ಇರಲಿಲ್ಲ. ತಂದೆಯವರು ತೀರಿಕೊಂಡದ್ದು 1991ರಲ್ಲಿ. ಮಗಳು ಹುಟ್ಟಿದ್ದು 2016ರಲ್ಲಿ. ಬೇರೆ ಬೇರೆ ಕಾಲದ ನಾಲ್ಕು ಫೋಟೋಗಳನ್ನು ಮುಂದಿಟ್ಟುಕೊಂಡು ಚಿತ್ರಗಾರರು ಈ ಸಂಸಾರವನ್ನು ಹಾಳೆಯ ಮೇಲೆ ಹೂಡಿದ್ದಾರೆ. ನೋಡಿದ ಮಿತ್ರರೊಬ್ಬರು, "ಚೆನ್ನಾಗಿದೆ, ಆದರೆ ಇದು ಸುಳ್ಳಲ್ಲವೆ?" ಎಂದರು. ಅಂದು ಆ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಇಂದು ಹೇಳಬಹುದೆಂದು ತೋರುತ್ತದೆ.

ಚಿತ್ರ ಬರೆದವರು ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದು ನಿವೃತ್ತರಾದವರು. ತಲೆಯೊಂದಕ್ಕೆ ಇಷ್ಟೆಂದು ಅವರ ದರ. ಇದ್ದವರು, ತೀರಿದವರು ಎಂಬ ಭೇದವಿಲ್ಲ. ನಾಲ್ಕು ಫೋಟೋಗಳಿಂದ ಐದು ಮುಖಗಳನ್ನು ಎತ್ತಿ ಸಾಲಾಗಿ ಇಟ್ಟರಾಯಿತು ಎಂದು ನಾನು ಭಾವಿಸಿದ್ದೆ. ಕೆಲಸ ಅಷ್ಟು ಸುಲಭವಲ್ಲ. ತಂದೆಯವರದು ಗುರುತಿನ ಚೀಟಿಗಾಗಿ ತೆಗೆಸಿದ ಅಂಚೆ ಚೀಟಿಯಷ್ಟಗಲದ ಪಟ. ಬೆಳಕು ನೇರವಾಗಿ ಮುಖಕ್ಕೆ ಬಿದ್ದು ಮೂಗಿನ ನೆರಳೂ ಅಳಿಸಿಹೋಗಿದೆ. ತಾಯಿಯವರ ಮೇಲೆ ಬೆಳಕು ಬಿದ್ದಿರುವುದು ಎಡಗಡೆಯ ಕಿಟಕಿಯಿಂದ. ಮಗಳದು ಮೇಲಿನಿಂದ ಮೊಬೈಲಿನಲ್ಲಿ ತೆಗೆದದ್ದು. ಆದ್ದರಿಂದ ತಲೆ ದೊಡ್ಡದು, ಮೈ ಚಿಕ್ಕದು. ಮೇಷ್ಟರು ಫೋಟೋಗಳ ಪ್ರತಿಗಳ ಮೇಲೆ ಚೌಕುಳಿ ಗೆರೆ ಹಾಕಿ, ಹಾಳೆಯ ಮೇಲೂ ಹಾಕಿ, ಬೆಳೆದವರ ಎತ್ತರ ಸುಮಾರು ಏಳೂವರೆ ತಲೆ, ಮಗುವಿನದು ಅದಕ್ಕಿಂತ ಕಡಮೆ ಎಂದು ಅಳತೆ ಹೊಂದಿಸಿದರು. ಅನಂತರ ಎಲ್ಲರ ನೆರಳನ್ನೂ ಒಂದೇ ಕಡೆಗೆ ತಿರುಗಿಸಿದರು. "ಒಂದು ಮನೆಯವರು ಎನಿಸಬೇಕಾದರೆ ಮೊದಲು ಒಂದು ಬೆಳಕಿನಲ್ಲಿ ಕೂರಬೇಕು, ಸ್ವಾಮಿ" ಎಂದರು.

ಮೇಷ್ಟರು ಕೇಳಿದ ಒಂದು ಪ್ರಶ್ನೆಗೆ ಮಾತ್ರ ನಾನು ತಪ್ಪು ಉತ್ತರ ಕೊಟ್ಟೆ. "ತಂದೆಯವರನ್ನು ಯಾವ ವಯಸ್ಸಿನಲ್ಲಿ ಬರೆಯಲಿ?" ಎಂದರು. ತಂದೆಯವರು ತೀರಿಕೊಂಡಾಗ ಅವರಿಗೆ 38 ವರ್ಷ. ತಾಯಿಗೆ ಈಗ 68. ನನಗೆ 46; ಅಂದರೆ ನಾನು ನನ್ನ ತಂದೆಗಿಂತ ಎಂಟು ವರ್ಷ ಹಿರಿಯ! ಈ ವಿಪರ್ಯಾಸವನ್ನು ಗೋಡೆಯ ಮೇಲೆ ನೋಡುವ ಧೈರ್ಯ ಸಾಲದೆ, "ತಾಯಿಗೆ ಒಪ್ಪುವಂತೆ ಸ್ವಲ್ಪ ವಯಸ್ಸು ಮಾಡಿಬಿಡಿ" ಎಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, ನನ್ನ ಮಾತಿನಂತೆಯೇ ಮಾಡಿದರು. ಕೂದಲು ನೆರೆಯಿತು, ಕೆನ್ನೆ ಇಳಿಯಿತು, ಕನ್ನಡಕ ಬಂತು.

ಚಿತ್ರವನ್ನು ತಾಯಿಯ ಮುಂದಿಟ್ಟೆ. ಅವರು ಬಹಳ ಹೊತ್ತು ನೋಡಿ, "ಇವರು ಯಾರು, ಮಗೂ?" ಎಂದರು. ಹೇಳಿದೆ. "ನಿಮ್ಮಪ್ಪನಿಗೆ ಒಂದು ಕೂದಲೂ ನೆರೆದಿರಲಿಲ್ಲ. ನಾನು ಇವರ ಜೊತೆ ಬಾಳಿಲ್ಲ" ಎಂದು ಎದ್ದು ಒಳಗೆ ಹೋದರು.

ತರಗತಿಯಲ್ಲಿ ಶಾಕುಂತಲದ ಆರನೆಯ ಅಂಕವನ್ನು ಅನೇಕ ಸಲ ವಿವರಿಸಿದ್ದೇನೆ. ಮರೆತು ಕಳೆದುಕೊಂಡವಳನ್ನು ದುಷ್ಯಂತ ನೆನೆದು ಚಿತ್ರಿಸುತ್ತಾನೆ. ಬರೆದಷ್ಟಕ್ಕೆ ತೃಪ್ತನಾಗದೆ, ಮಾಲಿನೀ ನದಿ ಬರಬೇಕು, ಮರಳಿನಲ್ಲಿ ಹಂಸಗಳ ಜೋಡಿ ಬರಬೇಕು, ಜಿಂಕೆಗಳು ಬರಬೇಕು ಎನ್ನುತ್ತಾನೆ. ಅವನು ಸೇರಿಸಬಯಸುವುದೆಲ್ಲ ಆಶ್ರಮದ ಆ ಬಾಳಿಗೆ ಸೇರಿದ್ದು. ಇಲ್ಲದ್ದೊಂದನ್ನೂ ಅವನು ಬೇಡುವುದಿಲ್ಲ. ಇಷ್ಟು ವರ್ಷ ಪಾಠ ಹೇಳಿದ ನನಗೆ ಇದು ತಿಳಿದದ್ದು ತಾಯಿ ಎದ್ದುಹೋದ ಆ ದಿನ. ಬೇರೆ ಬೇರೆ ಕಾಲದಲ್ಲಿ ನಿಜವಾಗಿ ಇದ್ದವರನ್ನು ಒಂದೆಡೆ ಕೂರಿಸುವುದು ಹಂಬಲ, ಅದರಲ್ಲಿ ದೋಷವಿಲ್ಲ. ಎಂದೂ ಇಲ್ಲದಿದ್ದ ಮುದುಕರೊಬ್ಬರನ್ನು ಹುಟ್ಟಿಸಿ ಅವರಿಗೆ ತಂದೆಯ ಹೆಸರಿಡುವುದು ಸುಳ್ಳು. ಬದುಕು ಕೊಡದೆ ಹೋದ ಮೂವತ್ತು ಚಿಲ್ಲರೆ ವರ್ಷಗಳನ್ನು ಕೊಡುವ ಅಧಿಕಾರ ನನಗಾಗಲಿ ಮೇಷ್ಟರಿಗಾಗಲಿ ಇರಲಿಲ್ಲ.

ಈ ಕೆಲಸಕ್ಕೆ ಪೆನ್ಸಿಲೇ ಏಕೆ, ಕಂಪ್ಯೂಟರು ಕ್ಷಣಮಾತ್ರದಲ್ಲಿ ಮಾಡಿಕೊಡುತ್ತದಲ್ಲ ಎನ್ನುವವರಿದ್ದಾರೆ. ಮಾಡಿಕೊಡುತ್ತದೆ ನಿಜ, ತೀರಿದವರು ನಗುವಂತೆಯೂ ಮಾಡುತ್ತದೆ. ಆದರೆ ಫೋಟೋದಂತೆ ಕಾಣುವುದೆಲ್ಲ 'ಇದು ನಡೆದದ್ದು' ಎಂದು ಸಾಕ್ಷಿ ನುಡಿಯುತ್ತದೆ. ಇನ್ನು ಐವತ್ತು ವರ್ಷಗಳ ಮೇಲೆ ನಮ್ಮ ಮನೆಯ ಮಕ್ಕಳು ಆ ಸಾಕ್ಷಿಯನ್ನು ನಂಬಿದರೆ ತಪ್ಪು ಅವರದಲ್ಲ. ಪೆನ್ಸಿಲಿನ ಗೆರೆ ಹಾಗೆ ಸಾಕ್ಷಿಗೆ ನಿಲ್ಲುವುದಿಲ್ಲ. ಒಬ್ಬರು ಕುಳಿತು, ಕಣ್ಣಿಟ್ಟು, ಕೈಯಿಂದ ಮಾಡಿದ್ದು ಎಂಬುದು ಅದರ ಮುಖದಲ್ಲಿಯೇ ಕಾಣುತ್ತದೆ.

ಹಾಗೆಂದು ಪೆನ್ಸಿಲ್ ಹಿಡಿದ ಮಾತ್ರಕ್ಕೆ ಎಲ್ಲವೂ ಸತ್ಯವಾಗುವುದಿಲ್ಲ. ನನ್ನ ಮೊದಲನೆಯ ಚಿತ್ರವೇ ಅದಕ್ಕೆ ನಿದರ್ಶನ. ಆದ್ದರಿಂದ ಇಂಥ ಚಿತ್ರ ಬರೆಯಿಸುವವರಲ್ಲಿ ನನ್ನದೊಂದು ವಿಜ್ಞಾಪನೆ. ತೀರಿದವರನ್ನು ಅವರು ಇದ್ದ ವಯಸ್ಸಿನಲ್ಲಿಯೇ ಇರಗೊಡಿ. ಚಿತ್ರದ ಬೆನ್ನಿಗೆ ಪ್ರತಿಯೊಬ್ಬರ ಹೆಸರು, ಅವರ ಫೋಟೋ ತೆಗೆದ ವರ್ಷ, ಚಿತ್ರ ಬರೆದ ವರ್ಷ, ಬರೆದವರ ಹೆಸರು ಇಷ್ಟನ್ನು ಬರೆದಿಡಿ. ಚಿತ್ರ ಬಂತೆಂದು ಮೂಲದ ಫೋಟೋಗಳನ್ನು ಎಸೆಯಬೇಡಿ.

ಮೇಷ್ಟರು ಹೊಸ ಹಾಳೆಯ ಮೇಲೆ ಮತ್ತೆ ಬರೆದುಕೊಟ್ಟರು. ಐದು ತಲೆಗಳ ಹಣವನ್ನು ಎರಡನೆಯ ಸಲ ತೆತ್ತೆ. ಪಾಠಕ್ಕೆ ಕೊಟ್ಟ ದಕ್ಷಿಣೆಯೆಂದುಕೊಂಡೆ. ಈ ಸಲ ತಾಯಿ ಚಿತ್ರವನ್ನು ನೋಡಿ, ಸೆರಗಿನಿಂದ ಗಾಜನ್ನೊಮ್ಮೆ ಒರೆಸಿ, "ಈಗ ಸರಿ. ನಾನೊಬ್ಬಳೇ ಮುದುಕಿಯಾದೆ" ಎಂದರು. ಮಗಳು ಮಾತ್ರ ಅಜ್ಜಿಯ ಪಕ್ಕದ ಕಪ್ಪು ಕೂದಲಿನ ತರುಣನನ್ನು ತೋರಿಸಿ, "ಇವರು ನನಗೆ ಚಿಕ್ಕಪ್ಪ ಆಗಬೇಕೆ?" ಎಂದು ಕೇಳಿದಳು. ಅಲ್ಲ, ನಿನ್ನ ತಾತ ಎಂದೆ. ನಂಬಲಿಲ್ಲ. ಗೋಡೆಯಿಂದ ಚಿತ್ರವನ್ನು ಇಳಿಸಿ, ತಿರುಗಿಸಿ, ಬೆನ್ನಿನ ಮೇಲೆ ಬರೆದುದನ್ನು ಅವಳ ಕೈಯಲ್ಲಿ ಓದಿಸಿದೆ.