ಕೋಡ್ ಲಕ್ಷಣ ಮಾತ್ರ, ರೋಗವಲ್ಲ

ಎಂಜಿನ್ ಚಾಲನೆಗೊಂಡು ಎರಡೇ ಕ್ಷಣದಲ್ಲಿ ನಿಂತುಹೋದರೆ ನಮ್ಮವರು ಬ್ಯಾಟರಿ ಬದಲಿಸುತ್ತಾರೆ. ಗ್ಯಾರೇಜಿನವರು ಸ್ಕ್ಯಾನರಿನ ಕೋಡ್ ಓದಿ ಸೆನ್ಸರ್ ಬದಲಿಸುತ್ತಾರೆ. ಪರೀಕ್ಷೆಯಿಲ್ಲದ ಈ ಚಿಕಿತ್ಸೆಯನ್ನು ವೈದ್ಯರಾದ ನಾವು ಒಪ್ಪಲಾರೆವು.

1996ನೇ ಮಾದರಿಯಿಂದ ಅಮೆರಿಕದಲ್ಲಿ ಮಾರಾಟವಾಗುವ ಪೆಟ್ರೋಲ್ ಕಾರುಗಳಿಗೆ ಒಬಿಡಿ-2 ವ್ಯವಸ್ಥೆ ಕಡ್ಡಾಯ. ಆದರೆ ಅದು ನೀಡುವ ಕೋಡ್ ಜ್ವರಮಾಪಕದ ಅಂಕಿಯಂತೆ, ರೋಗದ ಹೆಸರಲ್ಲ. ಪಿ0171 ಎಂದರೆ ಮಿಶ್ರಣದಲ್ಲಿ ಗಾಳಿ ಹೆಚ್ಚು, ಇಂಧನ ಕಡಿಮೆ ಎಂದಷ್ಟೇ. ಕಾರಣ ಬಿರುಕುಬಿಟ್ಟ ವ್ಯಾಕ್ಯೂಮ್ ಕೊಳವೆಯೋ, ಕೊಳೆಯಾದ ಗಾಳಿಯ ಸೆನ್ಸರೋ, ಸೋತ ಫ್ಯೂಯೆಲ್ ಪಂಪೋ ಆಗಿರಬಹುದು.

ಎಂಜಿನ್ ಒಮ್ಮೆ ಹತ್ತಿಕೊಂಡಿತೆಂದರೆ ಬ್ಯಾಟರಿ, ಸ್ಟಾರ್ಟರ್ ತಮ್ಮ ಕೆಲಸ ಮಾಡಿವೆ. ಮುಂದೆ ಕ್ರಮವಾಗಿ ಪ್ರಶ್ನಿಸಬೇಕು. ಡ್ಯಾಶ್‌ಬೋರ್ಡಿನಲ್ಲಿ ಕೀಲಿಯ ದೀಪ ಮಿನುಗುತ್ತಿದೆಯೇ? ಇಮ್ಮೊಬಿಲೈಸರ್ ಕೀಲಿಯನ್ನು ಗುರುತಿಸದಿರಬಹುದು. ಇನ್ನೊಂದು ಕೀಲಿಯಿಂದ ಪ್ರಯತ್ನಿಸಿ. ಆಕ್ಸಿಲರೇಟರ್ ತುಸು ಒತ್ತಿದರೆ ಎಂಜಿನ್ ನಿಲ್ಲದೆ ಓಡುವುದೇ? ಥ್ರಾಟಲ್ ಬಾಡಿಯ ಮಸಿಯನ್ನು ಶಂಕಿಸಿ. ಆಗಲೂ ನಿಂತರೆ ಇಂಧನದ ಒತ್ತಡವನ್ನು ಅಳೆಯಿಸಿ.

ಹಳೆಯ ಕಾರು ಕೊಂಡ ನಮ್ಮ ವಿದ್ಯಾರ್ಥಿಗಳೇ ಇಂಥ ಊಹೆಗಳಿಗೆ ಹೆಚ್ಚಿನ ಬೆಲೆ ತೆರುವವರು. ಆದ್ದರಿಂದ, ಬಂಧುಗಳೇ, "ಈ ಭಾಗ ಕೆಟ್ಟಿದೆಯೆಂದು ಯಾವ ಪರೀಕ್ಷೆ ತೋರಿಸಿತು?" ಎಂದು ಕೇಳದೆ ಏನನ್ನೂ ಬದಲಿಸಲು ಒಪ್ಪಬೇಡಿ. ನಿಮ್ಮ ವೈದ್ಯರನ್ನೂ ಹೀಗೆಯೇ ಪ್ರಶ್ನಿಸಿ, ನಾವು ಬೇಸರಿಸುವುದಿಲ್ಲ.