ಶುಕ್ರವಾರ ಎಲ್ಲಿಗೆ ಹೋಗುವುದು, ಸಾರ್?

ಕಳೆದ ತಿಂಗಳು ನನ್ನ ಹಳೆಯ ಶಿಷ್ಯನೊಬ್ಬ ಮನೆಗೆ ಬಂದಿದ್ದ. ಹೆಸರು ಬೇಡ, ನಿಮ್ಮಲ್ಲಿ ಹಲವರಿಗೆ ಅವನು ಸಹಪಾಠಿ, ಕೆಲವರಿಗೆ ನೆಂಟ. ತುರುವೇಕೆರೆ ತಾಲ್ಲೂಕಿನ ಒಂದು ಅನುದಾನರಹಿತ ಶಾಲೆಯಲ್ಲಿ ಗಣಿತದ ಮೇಷ್ಟ್ರು. ವಾಸ ತುಮಕೂರಿನಲ್ಲಿ; ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಾನೆ. ಮಾಲ್ಡೀವ್ಸ್‌ನ ಒಂದು ಶಾಲೆಗೆ ಆಯ್ಕೆಯಾಗಿದ್ದಾನಂತೆ. ನಾನು ಅಲ್ಲಿ ಎರಡು ವರ್ಷ ಇದ್ದವನೆಂದು ತಿಳಿದು ವಿಚಾರಿಸಲು ಬಂದಿದ್ದ. ಮೂರು ಪ್ರಶ್ನೆ ಕೇಳಿದ. ಸಂಬಳದಲ್ಲಿ ಎಷ್ಟು ಉಳಿಯುತ್ತದೆ? ಸಸ್ಯಾಹಾರಿಗೆ ಊಟ ಸಿಗುತ್ತದೆಯೆ? ಮೂರನೆಯದು: "ಶುಕ್ರವಾರ ರಜೆಯಂತೆ. ಎಲ್ಲಿಗೆ ಹೋಗುವುದು ಸಾರ್? ನೋಡುವಂಥದ್ದು ಏನಿದೆ?"

ಮೊದಲೆರಡಕ್ಕೆ ಸಮಾಧಾನವಾಗಿಯೇ ಉತ್ತರ ಹೇಳಿದೆ. ಮೂರನೆಯದಕ್ಕೆ ನನಗೆ ಸಿಟ್ಟು ಬಂತು. ಅವನು ಕಾಫಿ ಕುಡಿದು, ಕಾಲು ಮುಟ್ಟಿ, ಪೆಚ್ಚುಮೋರೆ ಹಾಕಿಕೊಂಡು ಹೊರಟುಹೋದ. "ಪಾಪ, ಹುಡುಗ ಕೇಳಿದ್ದರಲ್ಲಿ ತಪ್ಪೇನಿತ್ತು?" ಎಂದು ನನ್ನ ಮನೆಯವರು ನನ್ನನ್ನೇ ಗದರಿದರು. ತಪ್ಪೇನಿತ್ತು ಎಂಬುದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ. ಏಕೆಂದರೆ ಅದೇ ಪ್ರಶ್ನೆಯನ್ನು 1990ರಲ್ಲಿ, ಮಾಲೆಯ ದೋಣಿಕಟ್ಟೆಯ ಮೇಲೆ ನಿಂತು, ನಾನೂ ಕೇಳಿದ್ದೆ.

ನಾನು ಹೋದದ್ದು ದೇಶ ನೋಡುವ ಆಸೆಯಿಂದಲ್ಲ, ಸಾಲ ತೀರಿಸಲು. ತಂಗಿಯ ಮದುವೆಯ ಸಾಲವಿತ್ತು. ಅದರ ಮೇಲೆ ತೋಟಕ್ಕೆಂದು ಕೊರೆಸಿದ ಕೊಳವೆಬಾವಿ ಎರಡೇ ಬೇಸಗೆಗೆ ಬತ್ತಿತು. ಎರಡು ವರ್ಷ ವೇತನರಹಿತ ರಜೆ ಪಡೆದು ತಿರುವನಂತಪುರಕ್ಕೆ ರೈಲಿನಲ್ಲಿ ಹೋಗಿ, ಅಲ್ಲಿಂದ ಮಾಲೆಗೆ ವಿಮಾನ ಹತ್ತಿದೆ. ಆಮೇಲೆ ಒಂದು ಹಗಲು, ಒಂದು ರಾತ್ರಿ ದೋಣಿ. ಕಣ್ಣಿಗೆ ಮೊದಲು ಕಂಡದ್ದು ತೆಂಗಿನ ಮರ. ತಿಪಟೂರಿನವನಿಗೆ ಇದಕ್ಕಿಂತ ಬೇರೆ ಸಮಾಧಾನ ಬೇಕೆ? ತೆಂಗು ಅವರ ರಾಷ್ಟ್ರವೃಕ್ಷ. ರಾಷ್ಟ್ರಲಾಂಛನದಲ್ಲಿಯೂ ಅದೇ ನಿಂತಿದೆ. ಪ್ರವಾಸಿಗರಿಗಾಗಿ 1972ರಲ್ಲಿ ಅವರು ತೆರೆದ ಮೊದಲ ರೆಸಾರ್ಟಿನ ಹೆಸರು 'ಕುರುಂಬಾ'. ಆ ಮಾತಿನ ಅರ್ಥ ಎಳನೀರು. ಇದು ನನಗೆ ತಿಳಿದದ್ದು ಹೋದ ಎಂಟು ತಿಂಗಳಿಗೆ. ಅಲ್ಲಿಯವರೆಗೆ ತೆಂಗಿನ ನಾಡಿನಿಂದ ತೆಂಗಿನ ನಾಡಿಗೆ ಹೋದ ನಾನು ಎಳನೀರನ್ನು ಇಂಗ್ಲಿಷಿನಲ್ಲಿ ಕೇಳಿ ಕುಡಿಯುತ್ತಿದ್ದೆ.

ಆ ಎಂಟು ತಿಂಗಳು ಹೇಗೆ ಬದುಕಿದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಶಾಲೆಯ ಪಕ್ಕದಲ್ಲಿ ಶಿಕ್ಷಕರ ವಸತಿ. ಕೇರಳದವರು ನಾಲ್ವರು, ತಮಿಳುನಾಡಿನವರು ಇಬ್ಬರು, ಶ್ರೀಲಂಕಾದವರೊಬ್ಬರು, ನಾನು. ನಮ್ಮ ಅಡುಗೆ ನಮ್ಮದು, ಹರಟೆ ನಮ್ಮದು. ತರಕಾರಿ ಮಾಲೆಯಿಂದ ದೋಣಿಯಲ್ಲಿ ಬರಬೇಕು. ಗಾಳಿ ಜೋರಾದರೆ ಅದೂ ಇಲ್ಲ. ಬೇಳೆ, ಅನ್ನ, ಕಾಯಿ ಚಟ್ನಿ. ಶುಕ್ರವಾರ ಬಂದರೆ ಇಸ್ಪೀಟು. ಅದು ಬೇಸರವಾದರೆ ದೋಣಿ ಬಾಡಿಗೆಗೆ ಪಡೆದು ಜನವಸತಿಯಿಲ್ಲದ ದ್ವೀಪಕ್ಕೆ ಹೋಗಿ ಸ್ನಾನ ಮಾಡಿ ಫೋಟೋ ತೆಗೆಸಿಕೊಳ್ಳುವುದು. ಊರಿನ ಬೀದಿಗೆ ಇಳಿಯುತ್ತಿದ್ದದ್ದು ಅಂಗಡಿಗೆ ಮಾತ್ರ. ಮನೆಗೆ ಬರೆದ ಪತ್ರಗಳಲ್ಲಿ ದ್ವೀಪದವರನ್ನು ಗೇಲಿ ಮಾಡಿದ್ದೆ: ಇವರಿಗೆ ಮೀನು ಬಿಟ್ಟರೆ ಬೇರೇನೂ ತಿಳಿಯದು, ಮಕ್ಕಳಿಗೆ ಓದಿನ ಗಂಧವಿಲ್ಲ, ಇತ್ಯಾದಿ. ಆ ಪತ್ರಗಳು ನಿಮ್ಮಲ್ಲಿ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಹರಿದುಹಾಕಿ.

ಓದಿನ ಗಂಧವಿಲ್ಲವೆಂದು ಬರೆದವನಿಗೆ ಲೆಕ್ಕ ಗೊತ್ತಿರಲಿಲ್ಲ. 1991ರ ಜನಗಣತಿಯಲ್ಲಿ ನಮ್ಮ ಕರ್ನಾಟಕದ ಸಾಕ್ಷರತೆ ಶೇ. 56. ಅವರ ದೇಶದಲ್ಲಿ ಆ ವೇಳೆಗೆ ಶೇ. 90 ದಾಟಿತ್ತು. ದಿವೇಹಿ ಓದಲು, ಬರೆಯಲು ಬಾರದ ಅಜ್ಜಿಯನ್ನು ಆ ದ್ವೀಪದಲ್ಲಿ ನಾನು ಕಾಣಲಿಲ್ಲ. ಅಲ್ಲಿನ ಅಕ್ಷರ ಬಾರದವನೆಂದರೆ ನಾನೇ.

ಈಗ ಆ ಹುಡುಗನ ವಿಷಯ. ಏಳನೆಯ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು ತೂಕಡಿಸುತ್ತಿದ್ದ. ದಿನವೂ ಎಬ್ಬಿಸಿ ನಿಲ್ಲಿಸುತ್ತಿದ್ದೆ. ಇಂಗ್ಲಿಷಿನಲ್ಲಿ ಬೈದೆ, ಅವನು ತಲೆ ತಗ್ಗಿಸಿ ನಿಂತ. ಸೋಮಾರಿ ಎಂದು ಅಂಕಪಟ್ಟಿಯಲ್ಲಿಯೂ ಬರೆದೆ. ಒಂದು ದಿನ ಅವನು ಬರಲಿಲ್ಲ. ಮರುವಾರವೂ ಬರಲಿಲ್ಲ. ವಿಚಾರಿಸಿದಾಗ ಸ್ಥಳೀಯರೇ ಆದ ಮುಖ್ಯೋಪಾಧ್ಯಾಯರು ಆಶ್ಚರ್ಯದಿಂದ ನನ್ನನ್ನು ನೋಡಿದರು. "ನಿಮಗೆ ಗೊತ್ತಿರಲಿಲ್ಲವೆ?" ತಂದೆ ದೂರದ ರೆಸಾರ್ಟಿನಲ್ಲಿ ಕೆಲಸಕ್ಕೆ ಹೋದವನು ಹಣ ಕಳಿಸುವುದನ್ನು ನಿಲ್ಲಿಸಿದ್ದ. ತಾಯಿ ಮಾವನ ದೋಣಿಯ ಮೀನನ್ನು ತಂದು ಕೊಯ್ದು, ಬೇಯಿಸಿ, ಹೊಗೆ ಹಾಕಿ ಒಣಗಿಸಿ ಮಾರಿ ಸಂಸಾರ ನಡೆಸುತ್ತಿದ್ದಳು. ದೋಣಿ ಬರುವುದು ಸಂಜೆ. ಕೆಲಸ ಮುಗಿಯುವುದು ನಡುರಾತ್ರಿ. ಹುಡುಗ ತಾಯಿಯ ಜೊತೆಗೆ ಒಲೆಯ ಮುಂದೆ ಕೂರುತ್ತಿದ್ದ. ಅವನ ಮನೆ ನಮ್ಮ ವಸತಿಯಿಂದ ಇನ್ನೂರು ಹೆಜ್ಜೆ. ದ್ವೀಪಕ್ಕೆಲ್ಲ ಗೊತ್ತಿದ್ದ ಸಂಗತಿ. ಗೊತ್ತಿಲ್ಲದವರು ನಾವು ಎಂಟು ಜನ ಮಾತ್ರ. ಹುಡುಗ ಶಾಲೆ ಬಿಟ್ಟು ದೋಣಿ ಹತ್ತಿದ್ದ. ಮತ್ತೆ ಬರಲಿಲ್ಲ.

ನಾನು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹಳ್ಳಿಯಲ್ಲಿ ಕೆಲಸಕ್ಕೆ ಸೇರಿದ ಕಾಲವನ್ನು ನೆನೆಯುತ್ತೇನೆ. ಅಲ್ಲಿ ಒಂದು ಮನೆಯ ಜಗಲಿಯ ಕೋಣೆಯಲ್ಲಿದ್ದೆ. ಯಾರ ಅಟ್ಟದ ಮೇಲೆ ಎಷ್ಟು ಕಾಯಿ ಇದೆ, ಯಾರದು ಕೊಬ್ಬರಿಯಾಗಲು ಇನ್ನೆಷ್ಟು ತಿಂಗಳು ಬೇಕು ಎಂಬುದೆಲ್ಲ ನನಗೆ ಗೊತ್ತಿತ್ತು. (ದೂರದೇಶದಲ್ಲಿರುವ ಮೊಮ್ಮಕ್ಕಳಿಗಾಗಿ ಒಂದು ಮಾತು: ನಮ್ಮ ಉಂಡೆ ಕೊಬ್ಬರಿ ಬಿಸಿಲಿನಲ್ಲಿ ಒಣಗಿಸಿದ್ದಲ್ಲ. ಇಡೀ ಕಾಯಿಯನ್ನು ಅಟ್ಟದ ಮೇಲೆ ಎಂಟು ಹತ್ತು ತಿಂಗಳು ಬಿಟ್ಟು, ಒಳಗಿನ ನೀರು ತಾನಾಗಿ ಇಂಗಿ, ಅಲುಗಾಡಿಸಿದರೆ ಲೊಟಲೊಟ ಸದ್ದು ಬಂದಾಗ ಸುಲಿದು ಒಡೆಯಬೇಕು.) ತಿಪಟೂರು ಮಾರುಕಟ್ಟೆಯಲ್ಲಿ ದರ ಬಿದ್ದ ವಾರ ಶುಲ್ಕಕ್ಕಾಗಿ ಯಾವ ಹುಡುಗನನ್ನೂ ನಿಲ್ಲಿಸಿ ಕೇಳುತ್ತಿರಲಿಲ್ಲ. ಕಾಯಿ ಸುಲಿಯುವ ದಿನಗಳಲ್ಲಿ ತಡವಾಗಿ ಬಂದವನಿಗೆ ಶಿಕ್ಷೆಯಿರಲಿಲ್ಲ. ಇದು ನನ್ನ ದೊಡ್ಡತನವಲ್ಲ. ಅವರ ಮನೆಯಲ್ಲಿ ಉಂಡವನಿಗೆ ತಿಳಿಯದೆ ಇರುವುದು ಸಾಧ್ಯವಿರಲಿಲ್ಲ, ಅಷ್ಟೆ. ಅದೇ ಮೇಷ್ಟ್ರು ಸಮುದ್ರ ದಾಟಿ ವಸತಿಗೃಹ ಸೇರಿದೊಡನೆ ಕುರುಡನಾದ.

ಆ ಹುಡುಗ ಹೋದ ಮೇಲೆ ಇಸ್ಪೀಟು ಬಿಟ್ಟೆ. ಮನೆಯಲ್ಲಿ ಮಕ್ಕಳಿಗೆ ಅಕ್ಷರ ಹೇಳಿಕೊಡುತ್ತಿದ್ದ ವೃದ್ಧೆಯೊಬ್ಬರ ಬಳಿ, ಐದು ವರ್ಷದ ಮಕ್ಕಳ ಪಕ್ಕದಲ್ಲಿ ಕುಳಿತು, ತಾನಾ ಲಿಪಿ ತಿದ್ದಿದೆ. ಬಲದಿಂದ ಎಡಕ್ಕೆ ಬರೆಯುವ ಲಿಪಿ. ಮೊದಲ ಒಂಬತ್ತು ಅಕ್ಷರಗಳು ಅರಬ್ಬೀ ಅಂಕಿಗಳಿಂದ ಹುಟ್ಟಿದವು. ಲೆಕ್ಕದ ಮೇಷ್ಟ್ರಿಗೆ ಇದು ಬಹಳ ಹಿಡಿಸಿತು. ನನ್ನ ಉಚ್ಚಾರಣೆ ಕೇಳಿ ಮಕ್ಕಳು ಉರುಳಾಡಿ ನಕ್ಕರು. ಮರುದಿನ ತರಗತಿಯಲ್ಲಿ ಅವರ ಅಣ್ಣಂದಿರು ಮೊದಲ ಬಾರಿಗೆ ನನ್ನೊಡನೆ ಮಾತಾಡಿದರು. ಶುಕ್ರವಾರದ ನಮಾಜಿನ ನಂತರ ಊರಿನ ಮನೆಗಳವರು ಪಕ್ಕದ ದ್ವೀಪಕ್ಕೆ ವನಭೋಜನಕ್ಕೆ ಹೋಗುವಾಗ ನನ್ನನ್ನೂ ಕರೆದರು. ಮೀನು ತಿನ್ನದ ಮೇಷ್ಟ್ರಿಗೆಂದು ಕಾಯಿ ತುರಿಯನ್ನು ಬೇರೆ ಎತ್ತಿಟ್ಟರು. ತುರಿಯುವ ಮಣೆಗೆ ಅವರು 'ಹುನಿಗೊಂಡಿ' ಎನ್ನುತ್ತಾರೆ; ನಮ್ಮ ತುರಿಮಣೆಯಂತೆಯೇ ಕುಳಿತು ತುರಿಯುವಂಥದು. ನಾನು ಅದರ ಮೇಲೆ ಕುಳಿತು ನಾಲ್ಕು ಕಾಯಿ ತುರಿದಾಗ ಹೆಂಗಸರೆಲ್ಲ ಬಂದು ನಿಂತು ನೋಡಿದರು. ಅವರು ತೆಂಗಿನ ಮಟ್ಟೆಯನ್ನು ತೀರದ ಕೆಸರಿನಲ್ಲಿ ವಾರಗಟ್ಟಲೆ ಹೂತಿಟ್ಟು, ಬಡಿದು ನಾರು ತೆಗೆದು ಹಗ್ಗ ಹೊಸೆಯುವರು. ನಮ್ಮೂರಿನಲ್ಲಿ ಆಗ ಬಹಳಷ್ಟು ಮನೆಗಳಲ್ಲಿ ಅದನ್ನು ಹಂಡೆಯ ಒಲೆಗೆ ತುರುಕುತ್ತಿದ್ದೆವು. 1988ರ ನವೆಂಬರಿನಲ್ಲಿ ದಂಗೆಯಾದಾಗ ನಮ್ಮ ಸೈನಿಕರು ಬಂದು ಕಾಪಾಡಿದ್ದನ್ನು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ಆ ಋಣವನ್ನು ನನ್ನಂಥ ಇಸ್ಪೀಟಿನ ಮೇಷ್ಟ್ರ ಮೇಲೆ ತೀರಿಸುತ್ತಿದ್ದರೆಂದು ನನಗೆ ನಾಚಿಕೆಯಾಗುತ್ತಿತ್ತು.

"ವಾರವೆಲ್ಲ ದುಡಿದವನಿಗೆ ಒಂದು ದಿನ ಅವನದೇ ಆಗಿರಬಾರದೆ?" ಎಂದು ನೀವು ಕೇಳಬಹುದು. ಇರಲಿ. ಸಮುದ್ರ ನೋಡಬೇಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಆರು ದಿನ ಮಕ್ಕಳ ಮುಂದೆ ನಿಂತು, ಏಳನೆಯ ದಿನ ಅವರ ಬೀದಿಯನ್ನು ತಪ್ಪಿಸಿಕೊಂಡು ಚಂದದ ಜಾಗ ಹುಡುಕುವವನು ಆ ಆರು ದಿನ ಯಾರಿಗೆ ಪಾಠ ಹೇಳಿದ? ಎರಡು ವರ್ಷದ ಒಪ್ಪಂದಕ್ಕೆ ಭಾಷೆ ಕಲಿಯುವುದು ವ್ಯರ್ಥ ಎಂಬುದು ಇನ್ನೊಂದು ವಾದ. ವಸತಿಯಲ್ಲಿ ಎಲ್ಲರೂ ಇದನ್ನೇ ಹೇಳುತ್ತಿದ್ದೆವು. ಮಗುವಿನ ನಿದ್ದೆಗೆ ಕಾರಣ ಕೇಳಲು ಎರಡು ವರ್ಷದ ವ್ಯಾಕರಣ ಬೇಡ, ಹತ್ತು ಮಾತು ಸಾಕು. ಜರ್ಮನಿಯ ಕಿಟೆಲ್ 1853ರಲ್ಲಿ ಬಂದದ್ದು ತನ್ನ ಧರ್ಮ ಸಾರಲು, ಆ ಉದ್ದೇಶದ ಚರ್ಚೆ ಬೇರೆ. ಆದರೆ ಕಲಿತ ಕನ್ನಡ ಎಷ್ಟೆಂಬುದಕ್ಕೆ 1894ರ ನಿಘಂಟು ಇದೆ. ನಮ್ಮ ಮೇಜಿನ ಮೇಲೆ ಕಿಟೆಲ್ಲರನ್ನು ಇಟ್ಟುಕೊಂಡು ಹೆಮ್ಮೆಪಡುವ ನಾವು, ನಾವೇ ಪರದೇಶಕ್ಕೆ ಹೋದಾಗ ಎಷ್ಟು ಮಾತು ಕಲಿತೆವು?

ಸಮುದ್ರ ದಾಟದವರನ್ನೂ ಬಿಡಲಾರೆ. ಬೆಳಿಗ್ಗೆ ತುಮಕೂರಿನಿಂದ ತಿಪಟೂರಿನ ಕಡೆಗೆ ಬರುವ ರೈಲು, ಬಸ್ಸುಗಳಲ್ಲಿ ಊಟದ ಡಬ್ಬಿ ಹಿಡಿದ ಮೇಷ್ಟ್ರುಗಳನ್ನು ಎಣಿಸಿ ನೋಡಿ. ಸಂಜೆ ಕೊನೆಯ ಗಂಟೆ ಹೊಡೆಯುವ ಮೊದಲೇ ಅವರ ಕಣ್ಣು ಗಡಿಯಾರದ ಮೇಲೆ. ಕೆಲಸದ ಕೇಂದ್ರಸ್ಥಾನದಲ್ಲಿಯೇ ವಾಸಿಸಬೇಕೆಂಬ ನಿಯಮ ಸರ್ಕಾರಿ ನೌಕರರಿಗೆ ಇದೆ. ಅದನ್ನು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಹೆಂಡತಿಯ ಉದ್ಯೋಗ, ಮಕ್ಕಳ ಇಂಗ್ಲಿಷ್ ಶಾಲೆ, ಹಳ್ಳಿಯಲ್ಲಿ ಬಾಡಿಗೆ ಮನೆ ಸಿಗದಿರುವುದು: ಕಾರಣಗಳು ಸುಳ್ಳೆಂದು ನಾನು ಹೇಳುವುದಿಲ್ಲ. ಕೆಲವು ಜಾತಿಯ ಮೇಷ್ಟ್ರಿಗೆ ನಮ್ಮ ಹಳ್ಳಿಗಳು ಮನೆಯನ್ನೇ ಕೊಡುವುದಿಲ್ಲ. ಆ ಪಾಪ ಊರಿನವರದು. ಆದರೆ ಮನೆ ಸಿಗುವವರು? ಮಕ್ಕಳೊಡನೆ ಅದೇ ಕನ್ನಡ ಮಾತಾಡಿಯೂ ಅವರ ಒಲೆಯ ಮುಂದೆ ಏನು ನಡೆಯುತ್ತಿದೆ ಎಂದು ತಿಳಿಯದ ಮೇಷ್ಟ್ರು, ದ್ವೀಪದಲ್ಲಿದ್ದ ನನಗಿಂತ ದೊಡ್ಡ ಪರದೇಶಿ. ನನಗೆ ಭಾಷೆ ಬಾರದೆಂಬ ನೆಪವಾದರೂ ಇತ್ತು.

ಈ ಶಿಷ್ಯನಿಗೆ ಸಿಟ್ಟಿನಲ್ಲಿ ನಾನು ಕೇಳಿದ್ದು ಇದನ್ನೇ: "ನಿನ್ನ ಈಗಿನ ಶಾಲೆಯ ಊರಿನಲ್ಲಿ ಎಂದಾದರೂ ಒಂದು ಭಾನುವಾರ ಕಳೆದಿದ್ದೀಯೇನಪ್ಪಾ?" ಏಳು ವರ್ಷದಿಂದ ಅಲ್ಲಿದ್ದಾನೆ. ಉತ್ತರ ಕೊಡಲಿಲ್ಲ. ತುರುವೇಕೆರೆಯ ಕಲ್ಲಿನ ನಂದಿಯನ್ನು ನೋಡಲು ಮಕ್ಕಳನ್ನು ಕರೆದೊಯ್ದಿದ್ದೀಯಾ ಎಂದರೆ, ತಾನೇ ನೋಡಿಲ್ಲ ಎಂದ. ಮಾಲ್ಡೀವ್ಸ್‌ನಲ್ಲಿ ನೋಡುವಂಥದ್ದನ್ನು ಹುಡುಕುತ್ತಿದ್ದಾನೆ.

2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ನಾನು ಟೀವಿಯ ಮುಂದೆ ಕುಳಿತಿದ್ದೆ. ಮಾಲ್ಡೀವ್ಸ್‌ನಲ್ಲಿ 80ಕ್ಕೂ ಹೆಚ್ಚು ಮಂದಿ ಸತ್ತರು; ಊರಿಗೆ ಊರೇ ತೊರೆದು ಹೋಗಬೇಕಾದ ದ್ವೀಪಗಳೂ ಇದ್ದವು. ಎರಡು ವರ್ಷ ನೂರಾರು ಮಕ್ಕಳಿಗೆ ಪಾಠ ಹೇಳಿದ ಊರಿನಲ್ಲಿ ಫೋನ್ ಮಾಡಿ "ಬದುಕಿದ್ದೀರಾ?" ಎಂದು ಕೇಳಬಹುದಾದ ಮನೆಗಳು ನನಗೆ ಎರಡೇ ಇದ್ದವು. ಎರಡೂ ನಾನು ಇಸ್ಪೀಟು ಬಿಟ್ಟ ಮೇಲೆ ಸಂಪಾದಿಸಿದವು. ಮೂರು ದಿನದ ಮೇಲೆ ಒಂದು ಮನೆಗೆ ಸಂಪರ್ಕ ಸಿಕ್ಕಿತು. ಎಲ್ಲರೂ ಕ್ಷೇಮ ಎಂದರು. ತೂಕಡಿಸುತ್ತಿದ್ದ ಆ ಹುಡುಗನ ಬಗ್ಗೆ ಕೇಳಿದೆ. ಬೇರೆ ಅಟಾಲಿನಲ್ಲಿ ದೋಣಿ ನಡೆಸುತ್ತಾನೆ, ಅಲ್ಲಿಯ ಸುದ್ದಿ ಇನ್ನೂ ಬಂದಿಲ್ಲ ಎಂದರು. ಆಮೇಲೆ ಲೈನು ಕಡಿಯಿತು.

ಶಿಷ್ಯ ಬರುವ ತಿಂಗಳು ಹೊರಡುತ್ತಾನಂತೆ. ಅವನು ಇದನ್ನು ಓದುತ್ತಾನೆಂದು ನನಗೆ ಗೊತ್ತು. ಅಟ್ಟದ ಮೇಲಿನ ಟ್ರಂಕಿನಲ್ಲಿ ನಾನು ತಾನಾ ತಿದ್ದಿದ ಕಾಪಿ ಪುಸ್ತಕ ಇನ್ನೂ ಇದೆ. ಅಂಚನ್ನು ಇಲಿ ಕಡಿದಿದೆ, ಅಕ್ಷರ ಕೆಟ್ಟಿಲ್ಲ. ಭಾನುವಾರ ಬಂದು ತೆಗೆದುಕೊಂಡು ಹೋಗು. ಈ ಸಲ ಬೈಯುವುದಿಲ್ಲ, ಊಟಕ್ಕೇ ಬಾ.