ಹೊಟ್ಟೆಯ ಚೀಲ ನೋಡಿಕೊಳ್ಳಲು ಕಲಿಸುವ ಸಿಸ್ಟರ್ ಎಲ್ಲಿ?





ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ಆಸ್ಪತ್ರೆಗಳ ಬಗ್ಗೆ ಮಾತು ಬಂದಾಗಲೆಲ್ಲ ಎಷ್ಟು ಹಾಸಿಗೆ ಹೆಚ್ಚಾಯಿತು, ಯಾವ ಹೊಸ ಯಂತ್ರ ಬಂತು ಎಂಬುದೇ ಚರ್ಚೆ. ಆಪರೇಷನ್ ಮುಗಿಸಿಕೊಂಡು ಮನೆಗೆ ಹೋದವರು ಮರುದಿನ ಬೆಳಿಗ್ಗೆ ಏನು ಮಾಡುತ್ತಾರೆ ಎಂದು ಕೇಳುವವರಿಲ್ಲ. ಸರ್ಜಿಕಲ್ ವಾರ್ಡಿನಲ್ಲಿ ಬಹುಕಾಲ ದುಡಿದು ನಿವೃತ್ತಳಾದ ನರ್ಸ್ ನಾನು. ಹೊಟ್ಟೆಗೆ ಚೀಲ ಹಾಕಿಸಿಕೊಂಡು ಮನೆಗೆ ಹೋಗುವವರ ಪರವಾಗಿ ಬರೆಯುತ್ತಿದ್ದೇನೆ.

ಗುದನಾಳದ ಕ್ಯಾನ್ಸರ್ ಇರಲಿ, ಟೈಫಾಯ್ಡ್‌ನಿಂದಲೋ ಕ್ಷಯದಿಂದಲೋ ಕರುಳು ತೂತಾಗಿರಲಿ, ತುಮಕೂರು ರಸ್ತೆಯ ಅಪಘಾತದಲ್ಲಿ ಹೊಟ್ಟೆಗೆ ಪೆಟ್ಟು ಬಿದ್ದಿರಲಿ, ಜೀವ ಉಳಿಸಲು ಸರ್ಜನ್ ಕರುಳಿನ ತುದಿಯನ್ನು ಹೊಟ್ಟೆಯ ಮೇಲಕ್ಕೆ ತಂದು ಹೊಲಿಯಬೇಕಾಗುತ್ತದೆ. ಅದಕ್ಕೆ ಸ್ಟೋಮಾ ಎನ್ನುತ್ತಾರೆ. ಮಲ ಅಲ್ಲಿಂದಲೇ ಬಂದು, ಸುತ್ತ ಅಂಟಿಸಿದ ಬ್ಯಾಗಿನಲ್ಲಿ ತುಂಬುತ್ತದೆ. ಕೆಲವರಿಗೆ ಇದು ಕೆಲವು ತಿಂಗಳ ಮಾತು, ಕೆಲವರಿಗೆ ಜೀವಮಾನದ ಮಾತು. ಆಪರೇಷನ್ ಖರ್ಚನ್ನು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯೋ ಕಾರ್ಮಿಕರ ವಿಮೆಯಾದ ಇಎಸ್‌ಐಯೋ ನೋಡಿಕೊಳ್ಳುತ್ತದೆ. ಅದನ್ನು ಮೆಚ್ಚುತ್ತೇನೆ. ಆದರೆ ಡಿಸ್ಚಾರ್ಜ್ ದಿನ ಗಡಿಬಿಡಿಯಲ್ಲಿ "ಬ್ಯಾಗ್ ಹಾಕೋದು ಗೊತ್ತಾಯ್ತಲ್ಲ?" ಎಂದು ಕೇಳುತ್ತಾರೆ, ರೋಗಿ ಹೆದರಿ ತಲೆಯಾಡಿಸುತ್ತಾರೆ, ಅಲ್ಲಿಗೆ ಮುಗಿಯಿತು.

ನಮ್ಮ ಬಡಾವಣೆಯ ಲೇತ್ ಆಪರೇಟರ್ ಒಬ್ಬರ ಹೆಂಡತಿ ನನ್ನನ್ನು ಕರೆದುಕೊಂಡು ಹೋಗಿ ಗಂಡನ ಹೊಟ್ಟೆ ತೋರಿಸಿದರು. ಸ್ಟೋಮಾ ಆರೋಗ್ಯವಾಗಿಯೇ ಇತ್ತು, ಬಾಯಿಯ ಒಳಗಿನಂತೆ ಕೆಂಪಗೆ, ತೇವವಾಗಿ. ಸುತ್ತಲಿನ ಚರ್ಮ ಮಾತ್ರ ಸುಟ್ಟಂತೆ ಕಿತ್ತುಬಂದಿತ್ತು. ಪಾಪ, ಆಕೆ ದಿನಾ ಡೆಟಾಲ್ ಹಾಕಿ ಒರೆಸಿ, ಉರಿ ಆರಲಿ ಎಂದು ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು. ಎಣ್ಣೆ ಇದ್ದ ಕಡೆ ಬ್ಯಾಗ್ ಅಂಟುವುದಿಲ್ಲ. ಅಂಟದಿದ್ದರೆ ಸೋರುತ್ತದೆ, ಸೋರಿದರೆ ಚರ್ಮ ಇನ್ನಷ್ಟು ಬೇಯುತ್ತದೆ. ಸೋರುವುದಕ್ಕೆ ಹೆದರಿ ಗಂಡ ಊಟವನ್ನೇ ಒಂದು ಹೊತ್ತಿಗೆ ಇಳಿಸಿದ್ದರು. ಆಪರೇಷನ್ ಆದ ಮೊದಲ ಆರೆಂಟು ವಾರ ಸ್ಟೋಮಾ ಕುಗ್ಗುತ್ತಾ ಹೋಗುತ್ತದೆ, ಪ್ರತಿ ಸಲ ಅಳೆದೇ ಬ್ಯಾಗಿನ ತೂತು ಕತ್ತರಿಸಬೇಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ಕತ್ತರಿಸಿಕೊಟ್ಟ ಅಳತೆಯಲ್ಲೇ ಕತ್ತರಿಸುತ್ತಿದ್ದರು. ಉಗುರುಬೆಚ್ಚಗಿನ ಬರೀ ನೀರಿನಲ್ಲಿ ತೊಳೆದು, ಒತ್ತಿ ಒರೆಸಿ, ಸ್ಟೋಮಾಗಿಂತ ಎರಡು ಮೂರು ಮಿಲಿಮೀಟರ್ ಮಾತ್ರ ಅಗಲವಾಗಿ ಕತ್ತರಿಸಿ, ಅಂಟಿಸಿದ ಮೇಲೆ ಅಂಗೈಯ ಬಿಸಿ ತಾಗುವಂತೆ ಸ್ವಲ್ಪ ಹೊತ್ತು ಒತ್ತಿ ಹಿಡಿಯಲು ಇಬ್ಬರಿಗೂ ಕಲಿಸಿದೆ. ಆಮೇಲೆ ಅವರ ಕೈಯಲ್ಲೇ ಮಾಡಿಸಿದೆ. ಸ್ವಲ್ಪ ದಿನಕ್ಕೆ ಚರ್ಮ ಮಾಗಿತು. ಇದನ್ನು ಆಸ್ಪತ್ರೆಯಲ್ಲೇ ಒಂದು ಗಂಟೆ ಕೂತು ಕಲಿಸಿದ್ದರೆ ಆ ಮನುಷ್ಯ ಅಷ್ಟು ನರಳಬೇಕಿರಲಿಲ್ಲ.

ನರ್ಸಿನ ಕೆಲಸ ಆಪರೇಷನ್‌ಗೆ ಮೊದಲೇ ಶುರುವಾಗಬೇಕು. ರೋಗಿಯನ್ನು ಮಲಗಿಸಿ, ಕೂರಿಸಿ, ನಿಲ್ಲಿಸಿ, ಬಗ್ಗಿಸಿ, ಹೊಟ್ಟೆಯ ಮಡಿಕೆ ಎಲ್ಲಿ ಬೀಳುತ್ತದೆ, ಪಂಚೆಯ ಗಂಟು, ಪ್ಯಾಂಟಿನ ಬೆಲ್ಟು, ಸೀರೆಯ ನೆರಿಗೆ, ಲಂಗದ ಲಾಡಿ ಎಲ್ಲಿ ಬರುತ್ತದೆ ಎಂದು ನೋಡಿ ಪೆನ್ನಿನಿಂದ ಜಾಗ ಗುರುತಿಸಬೇಕು. ಅದು ರೋಗಿಯ ಕಣ್ಣಿಗೆ ಕಾಣುವ, ಕೈಗೆ ಎಟುಕುವ ಜಾಗವೂ ಆಗಿರಬೇಕು. ತುರ್ತು ಆಪರೇಷನ್‌ಗಳಲ್ಲಿ ಇದಕ್ಕೆಲ್ಲ ಸಮಯ ಸಿಗದೆ ಹೋಗಬಹುದು, ಒಪ್ಪುತ್ತೇನೆ. ದಿನ ಗೊತ್ತುಮಾಡಿ ಮಾಡುವ ಆಪರೇಷನ್‌ಗಳಲ್ಲೂ ಇದು ತಪ್ಪಿಹೋದರೆ ಏನೆನ್ನಬೇಕು?

ಇದು ಹೊಸ ವಿದ್ಯೆಯೇನಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಸರ್ಜನ್ ರೂಪರ್ಟ್ ಟರ್ನ್‌ಬುಲ್ 1958ರಲ್ಲೇ ಈ ಕೆಲಸಕ್ಕೆಂದು ನಾರ್ಮಾ ಗಿಲ್ ಅವರನ್ನು ನೇಮಿಸಿಕೊಂಡರು. ಆಕೆಗೂ ಸ್ಟೋಮಾ ಇತ್ತು. ನಮ್ಮ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲೂ ನರ್ಸ್‌ಗಳಿಗೆ ಈ ತರಬೇತಿ ಸಿಕ್ಕಿದೆ. ನನ್ನ ಆಕ್ಷೇಪ ಇರುವುದು ತರಬೇತಿಯ ನಂತರದ ನಡೆಯ ಬಗ್ಗೆ. ಕಲಿತು ಬಂದ ಸಿಸ್ಟರನ್ನು ರೊಟೇಶನ್ ಹೆಸರಿನಲ್ಲಿ ಹೆರಿಗೆ ವಾರ್ಡಿಗೋ ಎಮರ್ಜೆನ್ಸಿಗೋ ಹಾಕುತ್ತಾರೆ. ಸರ್ಟಿಫಿಕೇಟ್ ಫೈಲಿನಲ್ಲಿ ಉಳಿಯುತ್ತದೆ, ರೋಗಿ ವಾರ್ಡಿನಲ್ಲಿ ದಿಕ್ಕು ತೋಚದೆ ಕೂತಿರುತ್ತಾರೆ.

ನರ್ಸ್‌ಗಳೇ ಸಾಲದಿರುವಾಗ ಇದಕ್ಕೊಬ್ಬರನ್ನು ಎಲ್ಲಿಂದ ತರುವುದು ಎಂದು ಕೇಳುತ್ತಾರೆ. ಇಎಸ್‌ಐ ನಿಯಮವನ್ನೇ ನೋಡಿ. ಕಾರ್ಮಿಕರ ಸಂಬಳದಿಂದ ಶೇ 0.75, ಮಾಲೀಕರಿಂದ ಶೇ 3.25 ವಂತಿಗೆ ಹೋಗುತ್ತದೆ. ಕ್ಯಾನ್ಸರ್‌ನಂಥ ದೀರ್ಘ ಕಾಯಿಲೆಯಾದರೆ ಅರ್ಹರಿಗೆ ಎರಡು ವರ್ಷದವರೆಗೂ ಸಂಬಳದ ಶೇ 80ರಷ್ಟು ಸಿಗುತ್ತದೆ. ಕಾರ್ಮಿಕ ಮನೆಯಲ್ಲಿ ಕೂರುವುದಕ್ಕೆ ಅಷ್ಟು ಕೊಡುವ ವ್ಯವಸ್ಥೆಗೆ, ಅವರನ್ನು ಕೆಲಸಕ್ಕೆ ಮರಳಿಸಬಲ್ಲ ಒಬ್ಬ ನರ್ಸಿಗೆ ವಾರದಲ್ಲಿ ಎರಡು ಮಧ್ಯಾಹ್ನ ಬಿಡುವು ಮಾಡಿಕೊಡಲು ಆಗದೇ?

ಕೆಲಸಕ್ಕೆ ಮರಳುವುದೂ ಸುಲಭವಲ್ಲ. ಪೀಣ್ಯದ ಫೌಂಡ್ರಿಯ ಸೆಕೆಗೆ ಬೆವರಿ ಬ್ಯಾಗಿನ ಅಂಟು ಬಿಡುತ್ತದೆ. ಭಾರ ಎತ್ತಿದರೆ ಸ್ಟೋಮಾ ಪಕ್ಕದಲ್ಲೇ ಹರ್ನಿಯಾ ಆಗಬಹುದು. ಸಣ್ಣ ಕರುಳಿನ ಸ್ಟೋಮಾ ಇದ್ದವರ ಮೈಯಿಂದ ನೀರು, ಉಪ್ಪು ಬೇಗ ಹೋಗುತ್ತದೆ, ಓಆರ್‌ಎಸ್ ಕೈಗೆ ಸಿಗುವಂತಿರಬೇಕು. ಬ್ಯಾಗಿನ ಮೂರನೇ ಒಂದು ಭಾಗ ತುಂಬಿದೊಡನೆ ಖಾಲಿ ಮಾಡಬೇಕು. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಟಾಯ್ಲೆಟ್‌ಗೆ ಎದ್ದರೆ ಸೂಪರ್‌ವೈಸರ್ ಮುಖ ನೋಡುವ ಹೆಣ್ಣುಮಗಳು ಏನು ಮಾಡಬೇಕು? ವೈಟ್‌ಫೀಲ್ಡ್‌ನ ಟೆಕ್‌ಪಾರ್ಕಿನ ಹೊಳೆಯುವ ಶೌಚಾಲಯದ ಒಳಗೂ ಬ್ಯಾಗ್ ಇಡಲು ಒಂದು ಶೆಲ್ಫ್, ಮುಚ್ಚಳದ ಒಂದು ಕಸದ ಬುಟ್ಟಿ ಇರಬೇಕು. ಮೆಟ್ರೋದಲ್ಲಿ ತಪಾಸಣೆಯವರ ಕೈ ಹೊಟ್ಟೆಗೆ ತಾಗುವಾಗ ಎಲ್ಲರೆದುರು ಏನೆಂದು ಹೇಳುವುದು? ಇಂಥದ್ದನ್ನೆಲ್ಲ ರೋಗಿ ನಾಚಿಕೆ ಬಿಟ್ಟು ಕೇಳುವುದು ನರ್ಸಿನ ಹತ್ತಿರ. ರೌಂಡ್ಸ್‌ನಲ್ಲಿ ನಿಂತುಕೊಂಡೇ ಮಾತಾಡಿ ಹೋಗುವ ಡಾಕ್ಟರ ಹತ್ತಿರ ಕೇಳುವುದಿಲ್ಲ.

ಇಂಥವರಿಗೆ ಅಂಗವೈಕಲ್ಯದ ಸೌಲಭ್ಯ ಕೇಳೋಣವೆಂದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿದ 21 ಬಗೆಗಳಲ್ಲಿ ಸ್ಟೋಮಾ ಇಲ್ಲ. ಅದರ ತಿದ್ದುಪಡಿ ದೆಹಲಿಯಲ್ಲಿ ಆಗಬೇಕಾದದ್ದು, ಹೊತ್ತು ಹಿಡಿಯುತ್ತದೆ. ಇಎಸ್‌ಐ ನಿಗಮ ಮತ್ತು ರಾಜ್ಯ ಆರೋಗ್ಯ ಇಲಾಖೆ ಈಗಲೇ ಮಾಡಬಹುದಾದದ್ದು ಬೇರೆ ಇದೆ. ಈ ಕೈಗಾರಿಕಾ ಪ್ರದೇಶಗಳ ಪ್ರತಿ ದೊಡ್ಡ ಆಸ್ಪತ್ರೆಯಲ್ಲೂ ತರಬೇತಿ ಪಡೆದ ಒಬ್ಬ ನರ್ಸನ್ನು ವರ್ಗಾಯಿಸದೆ ಈ ಕೆಲಸಕ್ಕೇ ಉಳಿಸಿಕೊಳ್ಳಲಿ. ಬ್ಯಾಗನ್ನು ಮಾತ್ರೆಯಂತೆ ತಿಂಗಳು ತಿಂಗಳು ಕೊಡಲಿ. ದಿನಗೂಲಿಯವರಿಗೆ ಒಂದೊಂದು ಬ್ಯಾಗಿಗೆ ನೂರಾರು ರೂಪಾಯಿ ತೆರುವುದು ಆಗದ ಮಾತು. ಬಿ.ಪಿ., ಶುಗರ್ ನೋಡಲು ಗೃಹ ಆರೋಗ್ಯ ಯೋಜನೆಯಡಿ ಮನೆಗೆ ಬರುವವರಿಗೆ ಸ್ಟೋಮಾ ನೋಡಲೂ ಕಲಿಸಲಿ. ಸ್ಟೋಮಾ ಕಪ್ಪಾದರೆ, ಬ್ಯಾಗಿಗೆ ಏನೂ ಬಾರದೆ ಹೊಟ್ಟೆ ಉಬ್ಬಿದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು ಎಂಬುದನ್ನು ಚಿತ್ರದ ಸಮೇತ ಕನ್ನಡ, ಹಿಂದಿ, ತೆಲುಗು, ಒಡಿಯಾದಲ್ಲಿ ಅಚ್ಚು ಹಾಕಿಸಿ, ಸಿಸ್ಟರ್ ಸಿಗುವ ದಿನ, ವೇಳೆ, ಫೋನ್ ನಂಬರನ್ನು ಡಿಸ್ಚಾರ್ಜ್ ಚೀಟಿಯ ಮೇಲೇ ಬರೆದುಕೊಡಲಿ.

— ನಿವೃತ್ತ ನರ್ಸ್, ಟಿ. ದಾಸರಹಳ್ಳಿ, ಬೆಂಗಳೂರು